ಸಾಗರ ದಾಟಿ ಬಂದ ಇರುವೆ, ನಾಲೆ ದಾಟಲಾರದ ಇರುವೆ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆ ಇರುವುದು ನಾಲೆಯ ಕೆಳಗಿನ ಗದ್ದೆಬಯಲಿನಲ್ಲಿ. ಎಂಟನೆಯ ತರಗತಿಯ ಮಕ್ಕಳು ಶಾಲೆಯ ಆವರಣದಲ್ಲಿ ಇರುವೆಗಳನ್ನು ಹುಡುಕಿ, ದೊಡ್ಡ ಕಪ್ಪು, ಸಣ್ಣ ಕಪ್ಪು, ಸಣ್ಣ ಕೆಂಪು, ಮರದ ಕೆಂಪು ಎಂದು ನಾಲ್ಕು ಬಗೆ ಬರೆದುಕೊಂಡರು. ಮುಂದಿನ ವಾರ ಕುಂತಿಬೆಟ್ಟಕ್ಕೆ ಹೋದಾಗ ಅಲ್ಲಿ ಬೇರೆಯೇ ಇರುವೆಗಳು ಕಂಡವು. ಒಂದಂತೂ ಮಿಡತೆಯ ಹಾಗೆ ನೆಗೆಯುತ್ತಿತ್ತು. ಕೆಲವೇ ಕಿಲೋಮೀಟರ್ ಅಂತರದಲ್ಲಿ ಇಷ್ಟು ವ್ಯತ್ಯಾಸ ಏಕೆ? ಮೈಸೂರು, ಮಂಡ್ಯ ಸೀಮೆಯಲ್ಲಿ ಎಷ್ಟು ಬಗೆಯ ಇರುವೆಗಳಿವೆ, ಅವು ಹೇಗೆ ಹಂಚಿಹೋಗಿವೆ? ಮಕ್ಕಳು ಇದನ್ನು ಸರಿಯಾಗಿ ಅಧ್ಯಯನ ಮಾಡುವುದು ಹೇಗೆ? ಇನ್ನೊಂದು ವಿಷಯ, ಶಾಲೆಯ ಮಾವಿನ ಮರದಲ್ಲಿರುವ ಕೆಂಜಿಗದ ಗೂಡುಗಳನ್ನು ಸುಟ್ಟುಬಿಡಬೇಕೆಂದು ಕೆಲವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಕ್ಕಳ ಪಟ್ಟಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇರುವೆಗಳನ್ನು ಎಣಿಸಲು ಹೊರಟ ಪ್ರತಿಯೊಬ್ಬರೂ ಮೊದಲು ಮಾಡುವ ಎರಡು ತಪ್ಪುಗಳು, ಒಂದಕ್ಕೊಂದು ವಿರುದ್ಧ ದಿಕ್ಕಿನವು, ಆ ನಾಲ್ಕು ಸಾಲುಗಳಲ್ಲಿಯೇ ಇವೆ. "ದೊಡ್ಡ ಕಪ್ಪು" ಎಂದು ಬರೆದಿರುವುದು ನಮ್ಮ ಹಳ್ಳಿಗಳಲ್ಲಿ ಗೊದ್ದ ಅಥವಾ ಕಟ್ಟಿರುವೆ ಎನ್ನುವ ಕ್ಯಾಂಪೊನೋಟಸ್ ಕಂಪ್ರೆಸಸ್ ಆಗಿರುವ ಸಂಭವವೇ ಹೆಚ್ಚು. ಇದರ ಒಂದೇ ಗೂಡಿನಲ್ಲಿ, ಒಂದೇ ತಾಯಿಯ ಮಕ್ಕಳಾದ ಕೆಲಸಗಾರ ಇರುವೆಗಳು ನಾನಾ ಗಾತ್ರದಲ್ಲಿರುತ್ತವೆ. ಕೆಲವು ಒಂದೂವರೆ ಸೆಂಟಿಮೀಟರ್ ಉದ್ದದ, ಅಗಲ ತಲೆಯ ದೈತ್ಯರಾದರೆ, ಕೆಲವು ಅದರ ಅರ್ಧದಷ್ಟೂ ಇರುವುದಿಲ್ಲ. ಹೀಗಾಗಿ "ಸಣ್ಣ ಕಪ್ಪು" ಎಂದು ಬೇರೆಯಾಗಿ ಎಣಿಸಿದವುಗಳಲ್ಲಿ ಒಂದಷ್ಟು ಇದೇ ಗೊದ್ದದ ಚಿಕ್ಕ ಸೋದರಿಯರಿರಬಹುದು: ಒಂದು ಪ್ರಭೇದವನ್ನು ಎರಡೆಂದು ಎಣಿಸಿದಂತಾಯಿತು. "ಸಣ್ಣ ಕೆಂಪು" ಎಂಬ ಸಾಲಿನಲ್ಲಿ ಆಗಿರುವುದು ಇದರ ತದ್ವಿರುದ್ಧ. ಅಲ್ಲಿ ಸೊಲೆನೊಪ್ಸಿಸ್, ಫೈಡೋಲೆ, ಮೊನೊಮೋರಿಯಂ ಎಂಬ ಮೂರು ಬೇರೆ ಬೇರೆ ಕುಲಗಳ ಇರುವೆಗಳು ಒಟ್ಟಿಗೆ ಸೇರಿಹೋಗಿರುವುದು ಬಹುತೇಕ ಖಚಿತ, ಮತ್ತು ಒಂದೊಂದು ಕುಲದಲ್ಲಿಯೂ ಒಂದಕ್ಕಿಂತ ಹೆಚ್ಚು ಪ್ರಭೇದಗಳಿರಬಹುದು. ಬಣ್ಣ ಮತ್ತು ಗಾತ್ರ ಇರುವೆಯ ಗುರುತುಗಳಲ್ಲಿ ಅತ್ಯಂತ ದುರ್ಬಲವಾದವು.

ಬಣ್ಣಕ್ಕೆ ಬದಲಾಗಿ ಸೊಂಟವನ್ನು ನೋಡಲು ಮಕ್ಕಳಿಗೆ ಕಲಿಸಿ. ಇರುವೆಯ ಎದೆಗೂ ಹೊಟ್ಟೆಗೂ ನಡುವೆ ದಾರದಂಥ ಸಣ್ಣ ಭಾಗವಿದ್ದು, ಅದರ ಮೇಲೆ ಒಂದು ಅಥವಾ ಎರಡು ಗಂಟುಗಳಿರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಸಾಧಾರಣ ಮಸೂರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಗಂಟಿದ್ದು, ಹೊಟ್ಟೆ ನುಣುಪಾಗಿ ಗುಂಡಗಿದ್ದು, ಕೊಂಡಿಯಿಲ್ಲದೆ ಆಮ್ಲ ಚಿಮ್ಮಿಸುವುದಾದರೆ ಅದು ಗೊದ್ದ ಮತ್ತು ಕೆಂಜಿಗಗಳು ಸೇರಿದ ಫಾರ್ಮಿಸಿನೇ ಉಪಕುಟುಂಬದ್ದು. ಒಂದೇ ಗಂಟಿದ್ದು, ಹೊಟ್ಟೆಯ ಮೊದಲ ಭಾಗದ ಬಳಿ ಕಟ್ಟು ಹಾಕಿ ಬಿಗಿದಂತಿದ್ದು, ಕೊಂಡಿಯಿಂದ ಚುಚ್ಚುವುದಾದರೆ ಪೊನೆರಿನೇ. ನೀವು ಕುಂತಿಬೆಟ್ಟದಲ್ಲಿ ಕಂಡ ನೆಗೆಯುವ ಇರುವೆ ಈ ಗುಂಪಿಗೆ ಸೇರಿದ್ದು. ಎರಡು ಗಂಟುಗಳಿದ್ದರೆ ಬಹುಪಾಲು ಮಿರ್ಮಿಸಿನೇ, ಅಂದರೆ ಜಗತ್ತಿನ ಅತಿ ದೊಡ್ಡ ಇರುವೆ ಉಪಕುಟುಂಬ. "ಸಣ್ಣ ಕೆಂಪು" ಎಂಬ ಸಾಲನ್ನು ಒಡೆಯಲು ಮೀಸೆಗಳತ್ತ ನೋಡಬೇಕು: ಸೊಲೆನೊಪ್ಸಿಸ್‌ನ ಮೀಸೆಯಲ್ಲಿ ಹತ್ತು ಗೆಣ್ಣುಗಳಿದ್ದು ತುದಿಯ ಎರಡು ದಪ್ಪಗಿರುತ್ತವೆ, ಫೈಡೋಲೆಯದರಲ್ಲಿ ಸಾಮಾನ್ಯವಾಗಿ ಹನ್ನೆರಡು ಗೆಣ್ಣುಗಳಿದ್ದು ತುದಿಯ ಮೂರು ದಪ್ಪಗಿರುತ್ತವೆ. ಎಂಟನೆಯ ತರಗತಿಯ ಮಕ್ಕಳ ಕಣ್ಣು ನನ್ನ ವಯಸ್ಸಿನವರ ಕಣ್ಣಿಗಿಂತ ಇದನ್ನು ಬೇಗ ಹಿಡಿಯುತ್ತದೆ.

ಇನ್ನು ಎಷ್ಟು ಬಗೆ ಎಂಬ ಪ್ರಶ್ನೆ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಇರುವೆಗಳು 14 ಸಾವಿರಕ್ಕೂ ಹೆಚ್ಚು; ಭಾರತದಲ್ಲಿ 800ಕ್ಕೂ ಹೆಚ್ಚು, ಅವು ಸುಮಾರು ನೂರು ಕುಲಗಳಲ್ಲಿ ಹಂಚಿಹೋಗಿವೆ. ನಮ್ಮ ರಾಜ್ಯದ ಮಟ್ಟಿಗೆ, ಉತ್ತರ ಕನ್ನಡ ಜಿಲ್ಲೆಯ 12 ಜಾಗಗಳಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 140 ಪ್ರಭೇದಗಳು ಸಿಕ್ಕಿದ್ದವು. ಅದು ದಟ್ಟ ಮಳೆಕಾಡಿನಿಂದ ನೆಡುತೋಪಿನವರೆಗೆ ಹರಡಿದ ಪ್ರದೇಶ. ನಮ್ಮ ಎರಡು ಜಿಲ್ಲೆಗಳು ಮಳೆಯಲ್ಲಿ ಅಷ್ಟು ಸಿರಿವಂತವಲ್ಲವಾದರೂ, ಪೂರ್ವದ ಮಳವಳ್ಳಿಯ ಒಣ ಕುರುಚಲಿನಿಂದ ಪಶ್ಚಿಮದ ನಾಗರಹೊಳೆಯ ಎಲೆಯುದುರುವ ಕಾಡಿನವರೆಗೆ ಇಲ್ಲಿಯೂ ಹಲವು ಬಗೆಯ ನೆಲಗಳಿವೆ. ಎಣಿಕೆಯ ಸಂಖ್ಯೆ ನೆಲವನ್ನಷ್ಟೇ ಅಲ್ಲ, ಹುಡುಕುವ ಬಗೆಯನ್ನೂ ಅವಲಂಬಿಸುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಕಣ್ಣಿಗೆ ಕಾಣುವಂತೆ ಹಾದಿಯಲ್ಲಿ ಓಡಾಡುವ ಇರುವೆಗಳು ಒಟ್ಟಿನಲ್ಲಿ ಒಂದು ಭಾಗವಷ್ಟೆ. ತರಗೆಲೆಯ ಪದರದೊಳಗೆ ಎರಡು ಮಿಲಿಮೀಟರ್ ಉದ್ದದ, ನಿಧಾನಗತಿಯ ಬೇಟೆಗಾರ ಇರುವೆಗಳಿವೆ. ನೆಲದಡಿಯಲ್ಲಿಯೇ ಬದುಕು ಕಳೆಯುವ ಡೋರಿಲಸ್ ಎಂಬ ಕುರುಡು ಇರುವೆಗಳಿವೆ. ಈ ಡೋರಿಲಸ್‌ನ ಕೆಲಸಗಾರರು ಕಡಲೆಕಾಯಿ, ಆಲೂಗೆಡ್ಡೆ ಕಿತ್ತಾಗ ಮಾತ್ರ ಬೆಳಕಿಗೆ ಬರುತ್ತವೆ, ಆದರೆ ಮಳೆಬಿದ್ದ ರಾತ್ರಿ ಬೀದಿದೀಪಕ್ಕೆ ಬಂದು ಬೀಳುವ, ಉದ್ದ ಹೊಟ್ಟೆಯ, ಕಂದು ಬಣ್ಣದ, ಕಣಜದಂಥ ಹುಳು ಅದರ ಗಂಡು ಎಂದು ಹೇಳಿದರೆ ಬಹಳ ಮಂದಿ ನಂಬುವುದೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪುಸ್ತಕದ ನಕ್ಷೆಗಳಲ್ಲಿ ಒಂದು ಇರುವೆಯ ವಾಸಪ್ರದೇಶವನ್ನು "ದಕ್ಷಿಣ ಭಾರತ" ಎಂದು ಒಂದೇ ಬಣ್ಣದಲ್ಲಿ ತುಂಬಿರುತ್ತಾರೆ. ನೆಲಕ್ಕೆ ಕುಳಿತು ನೋಡುವವನಿಗೆ ಆ ಬಣ್ಣದೊಳಗೆ ಸಾವಿರ ತೂತುಗಳು ಕಾಣುತ್ತವೆ. ಒಂದು ಇರುವೆ ಒಂದು ಜಾಗದಲ್ಲಿ ಇರಬೇಕಾದರೆ ಅಲ್ಲಿನ ಮಣ್ಣಿನ ತೇವ ಮತ್ತು ಬಿಸಿ ಅದಕ್ಕೆ ಒಗ್ಗಬೇಕು. ಗೂಡಿಗೆ ಉಳುಮೆಯಾಗದ ನೆಲವೋ, ಒಣಗಿದ ಕೊಂಬೆಯೋ, ಅಗಲವಾದ ಎಲೆಯೋ, ಅದಕ್ಕೆ ಬೇಕಾದ್ದು ಸಿಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಗೂಡು ಹೂಡಬಲ್ಲ ಹೆಣ್ಣು ಅಲ್ಲಿಗೆ ತಲುಪಬೇಕು. ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ, ಆದರೆ ಪಾಂಡವಪುರದ ಇರುವೆಗಳ ಕಥೆ ಅಲ್ಲಿಯೇ ಇದೆ.

ನಿಮ್ಮ ಶಾಲೆಯ ಗದ್ದೆಬಯಲು ಹಿಂದೆ ಗದ್ದೆಬಯಲಾಗಿರಲಿಲ್ಲ. ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದು 1911ರಲ್ಲಿ. ಮೊದಲು ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ ಈ ಕಡೆಗೆ ನೀರು ತಂದ ಮೇಲೆ, ರಾಗಿ, ಹುರುಳಿ, ಹರಳು ಬೆಳೆಯುತ್ತಿದ್ದ ಕೆಮ್ಮಣ್ಣಿನ ಹೊಲಗಳು ಒಂದೆರಡು ತಲೆಮಾರಿನೊಳಗೆ ಭತ್ತ, ಕಬ್ಬಿನ ಬಯಲುಗಳಾದವು. ಇರುವೆಗಳ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆ ನಡೆದ ಸಂಗತಿ. ಕುಂತಿಬೆಟ್ಟ, ಮೇಲುಕೋಟೆಯ ಬೆಟ್ಟಗಳು, ಶ್ರೀರಂಗಪಟ್ಟಣದ ಕರಿಘಟ್ಟ ಮುಂತಾದ ಕಲ್ಲುಗುಡ್ಡಗಳು ನೀರು ಹತ್ತದ ಎತ್ತರದಲ್ಲಿ ಹಳೆಯ ಒಣಭೂಮಿಯಾಗಿಯೇ ಉಳಿದವು. ಹಾಗಾಗಿ ನೀವು ಶಾಲೆಯಿಂದ ಕುಂತಿಬೆಟ್ಟಕ್ಕೆ ಹೋದದ್ದು ಇರುವೆಗಳ ಮಟ್ಟಿಗೆ ನಾಲೆ ಬರುವುದಕ್ಕಿಂತ ಹಿಂದಿನ ಮಂಡ್ಯಕ್ಕೆ ಹೋದಂತೆ.

ಒಣ ನೆಲದ ಇರುವೆಗಳ ಬಗ್ಗೆ ನನಗೆ ವಿಶೇಷ ಪ್ರೀತಿ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಬೆಟ್ಟದ ಬುಡದ ಹುಲ್ಲುನೆಲದಲ್ಲಿ, ಕಾಲುದಾರಿಯ ಪಕ್ಕದಲ್ಲಿ, ಅಂಗೈಯಗಲದಿಂದ ಮೊರದಗಲದವರೆಗೆ ಹುಲ್ಲಿನ ಹೊಟ್ಟು ವೃತ್ತಾಕಾರವಾಗಿ ಚೆಲ್ಲಿದ್ದು ನಡುವೆ ಒಂದು ತೂತಿದ್ದರೆ, ಅದು ಕಾಳು ಸಂಗ್ರಹಿಸುವ ಇರುವೆಗಳ ಕಣ. ಟ್ರೈಕೊಮಿರ್ಮೆಕ್ಸ್ ಸ್ಕಾಬ್ರಿಸೆಪ್ಸ್ ಮತ್ತು ಕೆಲವು ಫೈಡೋಲೆ ಪ್ರಭೇದಗಳು ಹುಲ್ಲಿನ ಬೀಜಗಳನ್ನು ಸಾಲುಗಟ್ಟಿ ಹೊತ್ತು ತಂದು, ಸಿಪ್ಪೆ ಸುಲಿದು ಹೊರಗೆಸೆದು, ಕಾಳನ್ನು ನೆಲದೊಳಗಿನ ಕೋಣೆಗಳಲ್ಲಿ ಕೂಡಿಡುತ್ತವೆ. ಮಳೆಯಲ್ಲಿ ನೆನೆದ ಕಾಳನ್ನು ಬಿಸಿಲು ಬಂದ ಕೂಡಲೇ ಹೊರತಂದು ಒಣಗಿಸುತ್ತವೆ. ನಮ್ಮ ರೈತರಿಗೆ ಇದು ಮೊದಲಿನಿಂದ ಗೊತ್ತಿದ್ದ ವಿಷಯ. ವಿಜ್ಞಾನದ ಬರವಣಿಗೆಯಲ್ಲಿ ಇದನ್ನು ಭಾರತದಿಂದ ಮೊದಲಿಗೆ ದಾಖಲಿಸಿದವರಲ್ಲಿ ಪುಣೆಯಲ್ಲಿ ಕಂಡದ್ದನ್ನು 1830ರ ದಶಕದಲ್ಲಿ ಪ್ರಕಟಿಸಿದ ಸೈನಿಕ ಅಧಿಕಾರಿ ಸೈಕ್ಸ್ ಒಬ್ಬರು. ಹರಳಿನ ಬೀಜದ ತುದಿಯಲ್ಲಿರುವ ಮೆತ್ತನೆಯ ಪುಟ್ಟ ಗಂಟಿಗಾಗಿ ಇರುವೆಗಳು ಇಡೀ ಬೀಜವನ್ನೇ ಎಳೆದೊಯ್ಯುವುದನ್ನೂ ನೀವು ಬೇಲಿಯ ಬಳಿ ನೋಡಬಹುದು. ಗಂಟನ್ನು ತಿಂದ ಮೇಲೆ ಉಳಿದ ಬೀಜ ಹೊಸ ಜಾಗದಲ್ಲಿ ಮೊಳೆಯುತ್ತದೆ.

ಅದೇ ನೆಲದಲ್ಲಿ, ಸಣ್ಣ ಮಣ್ಣಿನ ದಿಬ್ಬದ ಬಾಯಿಯ ಸುತ್ತ ಹಕ್ಕಿಯ ಪುಕ್ಕ, ಒಣಕಡ್ಡಿ, ಸತ್ತ ಇರುವೆಗಳ ತಲೆ, ಇವನ್ನೆಲ್ಲ ಜೋಡಿಸಿಟ್ಟ ಗೂಡು ಕಂಡರೆ ಅದು ಡಯಾಕಾಮ. ಕಪ್ಪುಬೂದು ಬಣ್ಣದ, ಮೈಮೇಲೆ ಬೆರಳಚ್ಚಿನಂಥ ಗೀರುಗಳಿರುವ ಈ ದೊಡ್ಡ ಇರುವೆಯನ್ನೂ ಹಳ್ಳಿಗಳಲ್ಲಿ ಗೊದ್ದ ಎಂದೇ ಕರೆಯುವುದುಂಟು, ಆದರೆ ನಿಜವಾದ ಗೊದ್ದ ಕಚ್ಚುತ್ತದೆ, ಇದು ಚುಚ್ಚುತ್ತದೆ. ಪುಕ್ಕಗಳ ಅಲಂಕಾರ ಅಂದಕ್ಕಾಗಿ ಅಲ್ಲ. 1985ರಲ್ಲಿ ಮಾರ್ಕ್ ಮೊಫೆಟ್ ಎಂಬ ಸಂಶೋಧಕರು ಭಾರತದ ಡಯಾಕಾಮ ಗೂಡುಗಳನ್ನು ಗಮನಿಸಿ, ನಸುಕಿನಲ್ಲಿ ಆ ಪುಕ್ಕಗಳ ಮೇಲೆ ಕೂರುವ ಇಬ್ಬನಿಯ ಹನಿಗಳನ್ನು ಇರುವೆಗಳು ಒಳಗೆ ಒಯ್ಯುತ್ತವೆ ಎಂದು ವರದಿ ಮಾಡಿದರು. ಬೇಸಗೆಯಲ್ಲಿ ತೊಟ್ಟು ನೀರಿಲ್ಲದ ಕಲ್ಲುಗುಡ್ಡದ ಮೇಲೆ ಬದುಕಲು ಇಂಥ ಉಪಾಯ ಬೇಕೇ ಬೇಕು.

ಡಯಾಕಾಮದ ಇನ್ನೊಂದು ಗುಣ ಅದರ ಹಂಚಿಕೆಯನ್ನು ನಿರ್ಧರಿಸುತ್ತದೆ. ಈ ಕುಲದಲ್ಲಿ ರಾಣಿಯೇ ಇಲ್ಲ. ಕೆಲಸಗಾರ ಇರುವೆಗಳಲ್ಲೇ ಒಂದು, ರೆಕ್ಕೆಯಿಲ್ಲದ್ದು, ಗಂಡಿನೊಡನೆ ಕೂಡಿ ಮೊಟ್ಟೆಯಿಡುವ ಪಟ್ಟಕ್ಕೇರುತ್ತದೆ. ಬೇರೆ ಇರುವೆಗಳ ಎಳೆಯ ರಾಣಿಯರು ಮೊದಲ ಮಳೆಯಾದ ಮೇಲೆ ರೆಕ್ಕೆ ಬಿಚ್ಚಿ ಹಾರಿ ದೂರದಲ್ಲಿ ಇಳಿದು ಹೊಸ ಗೂಡು ಹೂಡಿದರೆ, ಡಯಾಕಾಮದ ಹೆಣ್ಣಿಗೆ ಹಾರುವ ದಾರಿಯಿಲ್ಲ. ಗೂಡು ಒಡೆದು ಎರಡಾಗಿ, ಒಂದು ಪಾಲು ನಡೆದೇ ಹೊಸ ಜಾಗಕ್ಕೆ ಹೋಗಬೇಕು. ಹೋಗುವಾಗಲೂ ಸಾಲುಗಟ್ಟುವುದಿಲ್ಲ: ದಾರಿ ಬಲ್ಲ ಒಂದು ಇರುವೆ ಇನ್ನೊಂದನ್ನು ಬೆನ್ನಿಗೆ ಕರೆದುಕೊಂಡು, ಹಿಂದಿನದು ಮೀಸೆಯಿಂದ ಮುಂದಿನದನ್ನು ಮುಟ್ಟುತ್ತ, ಜೋಡಿಜೋಡಿಯಾಗಿ ಸಾಗುತ್ತವೆ. ಹೀಗೆ ನಡೆದು ಹರಡುವ ಇರುವೆಗೆ ನಾಲೆಯೊಂದು ಕೋಟೆಯ ಕಂದಕವಿದ್ದಂತೆ. ಗಂಡುಗಳಿಗೆ ರೆಕ್ಕೆಯಿರುವುದರಿಂದ ಅವು ದಾಟಬಹುದು, ಗೂಡು ಮಾತ್ರ ಸೇತುವೆ ಸಿಕ್ಕದೆ ದಾಟಲಾರದು. ಒಮ್ಮೆ ಉಳುಮೆಯಲ್ಲೋ, ಮಣ್ಣು ಗಣಿಗಾರಿಕೆಯಲ್ಲೋ ಒಂದು ಗುಡ್ಡದ ಡಯಾಕಾಮ ಅಳಿದುಹೋದರೆ, ಸುತ್ತ ಗದ್ದೆಯಿರುವಾಗ ಅದು ತಾನಾಗಿ ಮರಳಿ ಬರುವುದು ಬಹಳ ಕಷ್ಟ. ನಮ್ಮ ಸೀಮೆಯ ಸಣ್ಣ ಸಣ್ಣ ಕಲ್ಲುಗುಡ್ಡಗಳನ್ನು ಬರೀ ಬಂಡೆಯೆಂದು ಲೆಕ್ಕಿಸಿ ಕ್ವಾರಿಗೆ ಕೊಡುವುದನ್ನು ಕಂಡಾಗ ನನಗೆ ಸಂಕಟವಾಗುವುದು ಈ ಕಾರಣಕ್ಕೂ ಹೌದು.

ನಿಮ್ಮ ಮಕ್ಕಳು ಕಂಡ ನೆಗೆಯುವ ಇರುವೆ ಹಾರ್ಪೆಗ್ನೇಥಸ್ ಸಾಲ್ಟೇಟರ್. ತಲೆಯ ಮುಂಭಾಗದಲ್ಲಿ ದೊಡ್ಡ ಕಣ್ಣುಗಳು, ಮೇಲಕ್ಕೆ ಬಾಗಿದ ಇಕ್ಕಳದಂಥ ಉದ್ದ ದವಡೆ, ಒಂಟಿಯಾಗಿ ಹಗಲು ಬೇಟೆ. ಇಷ್ಟು ಗುರುತು ಸಾಕು. ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದ, ಹಕ್ಕಿಗಳ ಅಧ್ಯಯನಕ್ಕೆ ಹೆಸರಾದ ಜರ್ಡನ್ 1851ರಲ್ಲಿ ಇದಕ್ಕೆ ಹೆಸರಿಟ್ಟರು. 2010ರಲ್ಲಿ ಸಂಪೂರ್ಣ ವಂಶವಾಹಿ ನಕ್ಷೆ ಸಿದ್ಧವಾದ ಮೊದಲ ಎರಡು ಇರುವೆಗಳಲ್ಲಿ ಇದೂ ಒಂದು. ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲಿ ಇಂದು ಸಾಕುತ್ತಿರುವುದು ನಮ್ಮ ಕೆಮ್ಮಣ್ಣಿನ ಈ ಇರುವೆಯನ್ನೇ. ಇದರ ಗೂಡಿನ ರಚನೆಯನ್ನು 1994ರಲ್ಲಿ ವಿವರಿಸಿದ ತಂಡದಲ್ಲಿ ಕರ್ನಾಟಕದ ಇರುವೆಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮುಸ್ತಾಕ್ ಅಲಿ ಅವರೂ ಇದ್ದರು. ನೆಲದೊಳಗಿನ ಕೋಣೆಗೆ ಕಮಾನು ಚಾವಣಿ, ಚಾವಣಿಗೂ ಸುತ್ತಲ ಮಣ್ಣಿಗೂ ನಡುವೆ ಖಾಲಿ ಜಾಗ, ಒಳಗೋಡೆಗೆ ಕೋಶದ (ಕಕೂನಿನ) ಚೂರುಗಳ ಹೊದಿಕೆ. ಮಳೆನೀರು ನುಗ್ಗಿದರೂ ಒಳಗಿನ ಮರಿಗಳು ಉಳಿಯಲೆಂದು ಈ ಏರ್ಪಾಡು ಎಂದು ಅವರು ವಿವರಿಸಿದರು. ವರ್ಷಕ್ಕೆರಡು ಸಲ ಕೆಸರು ಮಾಡಿ ನೀರು ನಿಲ್ಲಿಸುವ ಗದ್ದೆಯಲ್ಲಿ ಇಂಥ ಗೂಡು ಎಷ್ಟೇ ಗಟ್ಟಿಯಾಗಿದ್ದರೂ ನಿಲ್ಲದು. ಇದರ ರಾಣಿಯರಿಗೆ ರೆಕ್ಕೆಯಿದೆ, ಆದ್ದರಿಂದ ಶಾಲೆಯ ತೋಟದ ಮೂಲೆಯೊಂದನ್ನು ಅಗೆಯದೆ ಬಿಟ್ಟರೆ ಎಂದಾದರೂ ಒಂದು ದಿನ ಅಲ್ಲಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ.

ಈಗ ನಾಲೆಯ ಕೆಳಗಿನ ಕಡೆ. ಗದ್ದೆಯ ಬದುವಿನ ಮೇಲೆ ಕಾಲಿಟ್ಟ ಕೂಡಲೇ ಉರಿಯೆಬ್ಬಿಸುವಂತೆ ಚುಚ್ಚುವ ಸಣ್ಣ ಕೆಂಪಿರುವೆ ಸೊಲೆನೊಪ್ಸಿಸ್ ಜೆಮಿನೇಟ. ಇದು ನಮ್ಮ ದೇಶದ್ದೇ ಅಲ್ಲ. ಮೂಲ ಅಮೆರಿಕ ಖಂಡದ ಉಷ್ಣವಲಯ. ಜಗತ್ತಿನ ನಾನಾ ಕಡೆಯ ಮಾದರಿಗಳ ವಂಶವಾಹಿಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೋದ ಅಕಪುಲ್ಕೋ ಬಂದರಿನಿಂದ ಮನಿಲಾಗೆ ಬರುತ್ತಿದ್ದ ಸ್ಪೇನ್ ದೇಶದ ಹಡಗುಗಳಲ್ಲಿ ಈ ಇರುವೆ ಪೆಸಿಫಿಕ್ ಸಾಗರ ದಾಟಿ, ಅಲ್ಲಿಂದ ಏಷ್ಯಾದ ಉದ್ದಗಲಕ್ಕೂ ಹರಡಿತು. ಡಯಾಕಾಮ ಒಂದು ನಾಲೆ ದಾಟಲಾರದೆ ನಿಂತಿರುವಾಗ ಇದು ಸಾಗರವನ್ನೇ ದಾಟಿ ಬಂದು ಅದೇ ನಾಲೆಯ ದಂಡೆಯ ಮೇಲೆ ಮನೆಮಾಡಿದೆ. ಬಿಸಿಲು ಬೀಳುವ, ಅಡಿಗಡಿಗೆ ಕೆದಕಿದ, ತೇವ ಆರದ ಮಣ್ಣು ಇದಕ್ಕೆ ಬೇಕು, ಮತ್ತು ನಾಲೆಬಯಲಿನ ಬದುಗಳು ಅಂಥ ನೆಲವನ್ನು ಮೈಲಿಗಟ್ಟಲೆ ಒದಗಿಸಿಕೊಟ್ಟಿವೆ. ಒಟ್ಲುಪಾತಿಯಿಂದ ಬೀಜ ಕದಿಯುವುದು, ನಾಟಿ ಹಾಕುವ ಹೆಂಗಸರ ಕಾಲುಗಳನ್ನು ಚುಚ್ಚುವುದು ಇದರ ಕೆಟ್ಟ ಗುಣಗಳು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಫಿಲಿಪ್ಪೀನ್ಸ್‌ನ ಭತ್ತದ ಗದ್ದೆಗಳಲ್ಲಿ ನಡೆದ ಅಧ್ಯಯನಗಳು ಇದೇ ಇರುವೆ ಭತ್ತದ ಹಲವು ಕೀಟಗಳ ಮೊಟ್ಟೆ, ಮರಿಗಳನ್ನು ತಿಂದು ಬೆಳೆಯನ್ನು ಕಾಯುತ್ತದೆ ಎಂದು ತೋರಿಸಿವೆ. ಬದುವಿಗೆಲ್ಲ ಕೀಟನಾಶಕ ಸುರಿಯುವ ಮೊದಲು ರೈತರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಬ್ಬಿನ ಗದ್ದೆಯಲ್ಲಿ ಇರುವೆಗಳ ಓಡಾಟ ಹೆಚ್ಚಾಗಿದ್ದರೆ ಎಲೆಯ ಕಂಕುಳಲ್ಲಿ ಹಿಟ್ಟುತಿಗಣೆ ಇದೆಯೇ ಎಂದು ನೋಡಬೇಕು. ಅವು ಸೂಸುವ ಸಿಹಿ ದ್ರವಕ್ಕಾಗಿ ಗೊದ್ದ ಮತ್ತಿತರ ಇರುವೆಗಳು ಅವನ್ನು ದನ ಕಾದಂತೆ ಕಾಯುತ್ತವೆ. ತೆಂಗು, ಹುಣಸೆ, ಜಾಲಿ ಮರಗಳ ಮೇಲೆ ಹೃದಯಾಕಾರದ ಹೊಟ್ಟೆಯನ್ನು ಬೆನ್ನ ಮೇಲಕ್ಕೆತ್ತಿ ಓಡುವ ಕಪ್ಪು ಇರುವೆ ಕ್ರಿಮ್ಯಾಟೊಗ್ಯಾಸ್ಟರ್. ಒಣಕೊಂಬೆಯ ಟೊಳ್ಳಿನಲ್ಲಿರುವ, ಕಪ್ಪು ತಲೆ, ಕಪ್ಪು ಹೊಟ್ಟೆ, ನಡುವೆ ಕೆಂಪು ಎದೆಯ ತೆಳ್ಳನೆಯ ಇರುವೆ ಟೆಟ್ರಪೊನೆರ ರುಫೊನೈಗ್ರ. ಇದನ್ನು ಮಕ್ಕಳು ಕೈಯಲ್ಲಿ ಹಿಡಿಯಬಾರದು. ಇದರ ಚುಚ್ಚು ಬಹಳ ನೋವಿನದು, ಅಲರ್ಜಿ ಇರುವವರಿಗೆ ಅಪಾಯವೂ ಹೌದು.

ಪಶ್ಚಿಮಕ್ಕೆ ಹೋದಂತೆ, ಹುಣಸೂರು ದಾಟಿ ಎಚ್.ಡಿ. ಕೋಟೆ, ನಾಗರಹೊಳೆಯ ಕಡೆ, ಮಳೆಯೂ ತರಗೆಲೆಯೂ ಹೆಚ್ಚಾಗಿ ಇರುವೆಗಳ ಸಮುದಾಯವೇ ಬದಲಾಗುತ್ತದೆ. ಅಲ್ಲಿ ಕ್ರಿಮ್ಯಾಟೊಗ್ಯಾಸ್ಟರ್ ಕೂಡ ಮರದ ಕವಲಿನಲ್ಲಿ ಸಗಣಿಯುಂಡೆ ಮೆತ್ತಿದಂಥ ದೊಡ್ಡ ಗೂಡು ಕಟ್ಟುತ್ತದೆ, ಮತ್ತು ಕಂದು ಮರಕುಟಿಗವು ಆ ಗೂಡನ್ನೇ ಕೊರೆದು, ಇರುವೆಗಳು ಇರುವಾಗಲೇ, ಅದರೊಳಗೆ ಮೊಟ್ಟೆಯಿಡುತ್ತದೆ. ದವಡೆಯನ್ನು ಬಲೆಯಂತೆ ಅಗಲಿಸಿಕೊಂಡು ತಿರುಗುವ ಒಡೊಂಟೊಮ್ಯಾಕಸ್, ಬೆನ್ನ ಮೇಲೆ ಮುಳ್ಳಿರುವ ಪಾಲಿರಾಕಿಸ್ ಇವೆಲ್ಲ ತೇವದ ನೆರಳನ್ನು ಬಯಸುವವು. ಕಾಡಿನಲ್ಲಿಯೂ ಊರಂಚಿನಲ್ಲಿಯೂ ಕಾಣುವ ಲೆಪ್ಟೊಜೆನಿಸ್ ಪ್ರೊಸೆಶನಾಲಿಸ್ ನಸುಕಿನಲ್ಲಿ ಕಪ್ಪು ಹೊಳೆಯಂತೆ ನೂರಾರು ಸಂಖ್ಯೆಯಲ್ಲಿ ಹೊರಟು ಗೆದ್ದಲುಗಳ ಮೇಲೆ ದಾಳಿ ಮಾಡುತ್ತದೆ. ಕನ್ನಡ ಓದುಗರು ಕಾದಂಬರಿಕಾರರೆಂದು ಬಲ್ಲ ಕೆ.ಎನ್. ಗಣೇಶಯ್ಯನವರು ವಿಜ್ಞಾನಿಯಾಗಿ ಟಿ. ವೀಣಾ ಅವರೊಡನೆ ಈ ಇರುವೆಯ ದಾರಿ ಕವಲೊಡೆಯುವುದೇಕೆ ಎಂಬುದನ್ನು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದ್ದರು. ಗೆದ್ದಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ಇರುವೆ ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂದು ಮಾತಿನ ಓಘದಲ್ಲಿ ಹೇಳುವುದುಂಟು, ಆದರೆ ಹುತ್ತ ಕಟ್ಟುವುದು ಗೆದ್ದಲು. ಗೆದ್ದಲು ಜಿರಲೆಯ ನೆಂಟ, ಇರುವೆ ಕಣಜದ ನೆಂಟ. ಹುತ್ತದ ಬಳಿ ಇರುವೆ ಕಂಡರೆ ಅದು ಕಟ್ಟಲು ಬಂದದ್ದಲ್ಲ, ತಿನ್ನಲು ಬಂದದ್ದು.

ಮೈಸೂರು ನಗರದ ಬಗ್ಗೆ ನೀವು ಕೇಳಿಲ್ಲವಾದರೂ ಹಂಚಿಕೆಯ ಚಿತ್ರ ಅದಿಲ್ಲದೆ ಪೂರ್ಣವಾಗದು. ಮನೆಯೊಳಗೆ ದಿಕ್ಕುದೆಸೆಯಿಲ್ಲದಂತೆ ಓಡಾಡುವ, ಉದ್ದ ಮೀಸೆಯ ಪ್ಯಾರಾಟ್ರೆಕಿನ ಲಾಂಗಿಕಾರ್ನಿಸ್, ಕಪ್ಪು ತಲೆಯೂ ತೆಳುಬಣ್ಣದ ಹೊಟ್ಟೆಯೂ ಇರುವ ಟ್ಯಾಪಿನೋಮ, ಸಕ್ಕರೆ ಡಬ್ಬಿಯ ಫೇರೋ ಇರುವೆ, ಇವೆಲ್ಲ ಮನುಷ್ಯರ ಸರಕಿನೊಂದಿಗೆ ಜ‌ಗತ್ತನ್ನು ಸುತ್ತುವವು. ಮೈಸೂರಿನ ಅಡುಗೆಮನೆಗೂ ಸಿಂಗಪುರದ ಅಡುಗೆಮನೆಗೂ ಇರುವೆಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಕುಕ್ಕರಹಳ್ಳಿ ಕೆರೆಯ ಏರಿ, ಮಾನಸಗಂಗೋತ್ರಿಯ ಹಳೆಯ ಮರಗಳ ಅಡಿ, ಕಾರಂಜಿ ಕೆರೆಯ ದಂಡೆ, ಚಾಮುಂಡಿಬೆಟ್ಟದ ಮೆಟ್ಟಿಲುಗಳ ಇಕ್ಕೆಲ, ಇಲ್ಲೆಲ್ಲ ನೆಲದ ಇರುವೆಗಳು ಇನ್ನೂ ಇವೆ. ಅವನ್ನು ಓಡಿಸುವುದರಲ್ಲಿ ಕಾಂಕ್ರೀಟಿಗಿಂತ ಮುಂದಿರುವುದು, ನನ್ನ ಅಭಿಪ್ರಾಯದಲ್ಲಿ, ಉದ್ಯಾನಗಳಲ್ಲಿ ತರಗೆಲೆ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ. ಎಲೆಯ ಪದರ ಹೋದರೆ ತೇವ ಹೋಗುತ್ತದೆ, ಪುಟ್ಟ ಬೇಟೆಗಾರ ಇರುವೆಗಳು ಹೋಗುತ್ತವೆ, ಬರಿನೆಲವನ್ನು ಸೊಲೆನೊಪ್ಸಿಸ್ ಹಿಡಿಯುತ್ತದೆ. ಉದ್ದ ಕಾಲಿನ ಹಳದಿ ಇರುವೆ ಅನೊಪ್ಲೊಲೆಪಿಸ್ ಗ್ರಾಸಿಲಿಪೆಸ್ ಕೂಡ ಕೆಡಿಸಿದ ನೆಲದಲ್ಲಿ ಮಿತಿಮೀರಿ ಹೆಚ್ಚುವ ಗುಣದ್ದು. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೆಯ ಸುತ್ತಲಿನ ಹಳ್ಳಿಗಳಲ್ಲಿ ಅದರ ಹಾವಳಿಯಿಂದ ದನಕರುಗಳಿಗೂ ತೊಂದರೆಯಾದದ್ದು ಸುದ್ದಿಯಾಗಿತ್ತು.

ಮಕ್ಕಳ ಅಧ್ಯಯನಕ್ಕೆ ಬರುತ್ತೇನೆ. ಮೇ ತಿಂಗಳ ಮುಂಗಾರುಪೂರ್ವ ಮಳೆಯ ನಂತರದಿಂದ ಅಕ್ಟೋಬರ್, ನವೆಂಬರ್‌ವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಎಂಟರಿಂದ ಹತ್ತು, ಅಥವಾ ಬಿಸಿಲಿಳಿದ ಮೇಲೆ. ಮೂರು ಜಾಗ ಆರಿಸಿಕೊಳ್ಳಿ: ಗದ್ದೆಯ ಬದು, ಶಾಲೆಯ ಮರಗಳ ನೆರಳು, ಕುಂತಿಬೆಟ್ಟದ ಬುಡ. ಪ್ರತಿ ಜಾಗದಲ್ಲಿ ಹತ್ತು ಹೆಜ್ಜೆಗೊಂದರಂತೆ ಹತ್ತು ಕಾಗದದ ಚೂರುಗಳನ್ನಿಟ್ಟು, ಒಂದರ ಮೇಲೆ ಬೆಲ್ಲದ ನೀರು ಅದ್ದಿದ ಹತ್ತಿ, ಮುಂದಿನದರ ಮೇಲೆ ಒಣಮೀನಿನ ಅಥವಾ ಹುರಿಗಡಲೆಯ ಪುಡಿ, ಹೀಗೆ ಬದಲಿಸುತ್ತ ಹೋಗಲಿ. ಹದಿನೈದು ನಿಮಿಷಕ್ಕೊಮ್ಮೆ ಒಂದು ಗಂಟೆಯವರೆಗೆ ಯಾರು ಬಂದರು, ಎಷ್ಟು ಬಂದರು ಎಂದು ಬರೆಯಲಿ. ಮೊದಲು ಬಂದ ಇರುವೆ ಕೊನೆಯವರೆಗೂ ಉಳಿಯುವುದು ಅಪರೂಪ. ಉದ್ದ ಮೀಸೆಯ ಓಟಗಾರ ಮೊದಲು ಪತ್ತೆಹಚ್ಚುತ್ತದೆ, ಆಮೇಲೆ ಫೈಡೋಲೆಯೋ ಸೊಲೆನೊಪ್ಸಿಸ್ಸೋ ಸೇನೆ ಕರೆತಂದು ಅದನ್ನು ಓಡಿಸುತ್ತದೆ. ಈ ಜಗಳವೂ ಹಂಚಿಕೆಯ ಒಂದು ಕಾರಣ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಇದಲ್ಲದೆ ಕಲ್ಲು ಮಗುಚಿ ನೋಡಿ ಮತ್ತೆ ಇದ್ದಂತೆಯೇ ಇಡುವುದು, ಬೊಗಸೆ ತರಗೆಲೆಯನ್ನು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿಯುವುದು, ಕೊಂಬೆಯ ಕೆಳಗೆ ಕೊಡೆ ತಲೆಕೆಳಗಾಗಿ ಹಿಡಿದು ಕೊಂಬೆ ಬಡಿಯುವುದು, ಇವನ್ನೂ ಮಾಡಿ. ಪ್ರಭೇದದ ಹೆಸರಿಗಾಗಿ ಹಟ ಹಿಡಿಯಬೇಡಿ. ಕುಲದವರೆಗೆ ಗುರುತಿಸಿ, ಊರಿನ ಹೆಸರು, ಜಾಗ, ದಿನಾಂಕ, ಗೂಡಿನ ಬಗೆ ಬರೆದು, ಪಕ್ಕದಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಇಟ್ಟುಕೊಂಡರೆ ಆ ದಾಖಲೆ ಹತ್ತು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ. ಇಷ್ಟು ಮಾಡಿದರೆ ಶಾಲೆಯ ಆವರಣ ಒಂದರಲ್ಲಿಯೇ ನಾಲ್ಕರ ಬದಲು ಹತ್ತು ಹನ್ನೆರಡು ಬಗೆ ಸಿಗುವುದರಲ್ಲಿ ನನಗೆ ಅನುಮಾನವಿಲ್ಲ. ರಕ್ಷಿತ ಅರಣ್ಯದಲ್ಲಿ ಮಾತ್ರ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಸಂಗ್ರಹಿಸಬೇಡಿ.

ಕೊನೆಯದಾಗಿ ಮಾವಿನ ಮರ. ಅಲ್ಲಿರುವ ಕೆಂಜಿಗ, ಮಲೆನಾಡಿನವರು ಚಗಳಿ ಎಂದು ಚಟ್ನಿ ಮಾಡುವ ಈಕೊಫಿಲ್ಲ ಸ್ಮರಾಗ್ಡಿನ. ಬೆಳೆದ ಇರುವೆಗೆ ರೇಷ್ಮೆ ನೂಲುವ ಶಕ್ತಿಯಿಲ್ಲದ್ದರಿಂದ ಅದು ತನ್ನ ಮರಿಹುಳುವನ್ನೇ ಬಾಯಲ್ಲಿ ಹಿಡಿದು, ಅದರಿಂದ ಬರುವ ನೂಲಿನಿಂದ ಎಲೆಗಳನ್ನು ಹೊಲಿಯುತ್ತದೆ. ಒಂದೇ ಸಂಸಾರ ಹಲವು ಮರಗಳ ಮೇಲೆ ಹತ್ತಾರು ಗೂಡುಗಳಲ್ಲಿ ಹಬ್ಬಿರುತ್ತದೆ, ಆದ್ದರಿಂದ ಕೈಗೆಟುಕುವ ನಾಲ್ಕು ಗೂಡು ಸುಟ್ಟರೆ ಎಲೆ ಕರಕಾಗುತ್ತದೆಯೇ ಹೊರತು ಇರುವೆ ಹೋಗುವುದಿಲ್ಲ. ಇದು ಮಾವಿನ ಹೂವಿಗೆ, ಕಾಯಿಗೆ ಬರುವ ಎಷ್ಟೋ ಕೀಟಗಳನ್ನು ಬೇಟೆಯಾಡುತ್ತದೆ; ಚೀನಾದ ಕಿತ್ತಳೆ ತೋಟಗಳಲ್ಲಿ ಇದರ ಗೂಡುಗಳನ್ನು ತಂದು ಕಟ್ಟುವ ಪದ್ಧತಿ ಸುಮಾರು 1,700 ವರ್ಷ ಹಳೆಯದು. ಹಿಟ್ಟುತಿಗಣೆಗಳನ್ನು ಪೋಷಿಸುವ ದೋಷ ಇದಕ್ಕೂ ಇದೆ, ಹಣ್ಣು ಕೀಳುವವರಿಗೆ ಕಾಟವೂ ಹೌದು. ನನ್ನ ಸಲಹೆ ಇಷ್ಟೇ: ಶಾಲೆಯ ಚಾವಣಿಗೆ, ಕಾಂಪೌಂಡಿಗೆ ತಾಗುವ ಕೊಂಬೆಗಳನ್ನು ಸವರಿಸಿ, ಮಕ್ಕಳು ಕೂರುವ ಕಡೆ ಕೆಳಗೆ ಜೋತುಬಿದ್ದ ಗೂಡಿದ್ದರೆ ಆ ಒಂದು ಕೊಂಬೆಯನ್ನು ಮುಸ್ಸಂಜೆಯಲ್ಲಿ ಕತ್ತರಿಸಿ ಬೇಲಿಯ ಆಚೆಗೆ ಹಾಕಿಸಿ, ಉಳಿದವನ್ನು ಇರಲು ಬಿಡಿ. ಮಕ್ಕಳಿಗೆ ಬೈನಾಕ್ಯುಲರ್ ಸಿಕ್ಕರೆ ಆ ಗೂಡಿನ ಸುತ್ತ ಓಡಾಡುವ ಕೆಂಜಿಗಗಳನ್ನು ಒಂದೊಂದಾಗಿ ನೋಡಲು ಹೇಳಿ. ಅವುಗಳ ನಡುವೆ ಆರರ ಬದಲು ಎಂಟು ಕಾಲಿರುವುದು, ನೂಲಿಳಿಬಿಟ್ಟು ಜಾರುವುದು ಒಂದಿದ್ದರೆ, ಅದು ಕೆಂಜಿಗದ ವೇಷ ತಳೆದ ಜೇಡ. ಅದನ್ನು ಇರುವೆಗಳ ಪಟ್ಟಿಗೆ ಸೇರಿಸದೆ ಬೇರೆ ಪುಟದಲ್ಲಿ ಬರೆದುಕೊಳ್ಳಲಿ.